ಮೂವತ್ತು ದಿನದ ಹಾಜರಿ

ಮನೀಷಾಳ ಡ್ರೈವಿಂಗ್ ಲೈಸೆನ್ಸ್ ಅಂಚೆಯಲ್ಲಿ ಬಂದ ದಿನ ಅದನ್ನು ಮೊದಲು ಕೈಗೆ ತೆಗೆದುಕೊಂಡವಳು ಅವಳ ಅತ್ತೆ ಸೋನುಬಾಯಿ. ಓದು ಬಾರದ ಮುದುಕಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಸೊಸೆಯ ಫೋಟೋದ ಮೇಲೆ ಹೆಬ್ಬೆರಳು ಆಡಿಸಿದಳು, ಆಮೇಲೆ ಓಣಿಯ ನಾಲ್ಕು ಮನೆಗೆ ತೋರಿಸಿಕೊಂಡು ಬಂದಳು. ಬಸವಕಲ್ಯಾಣದಿಂದ ಒಂಬತ್ತು ಕಿಲೋಮೀಟರ್ ದೂರದ ಆ ಊರಿನಲ್ಲಿ ನಾಲ್ಕು ಗಾಲಿಯ ಗಾಡಿ ಓಡಿಸುವ ಹೆಂಗಸು ಅದುವರೆಗೆ ಇರಲಿಲ್ಲ. ಈಗ ಇದ್ದಳು, ಅದೂ ಅವರ ಬೌದ್ಧರ ಓಣಿಯಲ್ಲಿ.

ಮನೀಷಾಳ ಗಂಡ ಮಚ್ಚೇಂದ್ರ ಕಾಮಾಲೆಯಿಂದ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಅತ್ತೆ ಸೊಸೆ ಇಬ್ಬರೂ ಸೋಯಾ, ತೊಗರಿ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಿದ್ದರು. ಪಂಚಾಯಿತಿಗೆ ಕಸದ ಗಾಡಿ ಬರುತ್ತದೆ, ಮಹಿಳಾ ಸಂಘದವರೇ ಅದನ್ನು ಓಡಿಸಬೇಕು, ಹತ್ತನೇ ಕ್ಲಾಸ್ ಓದಿದವರು ಹೆಸರು ಕೊಡಿ ಎಂದಾಗ ಸೊಸೆಯ ಹೆಸರು ಬರೆಸಿದವಳೂ ಸೋನುಬಾಯಿಯೇ.

ಒಂದು ಸಂಸ್ಥೆ ಕೊಡಿಸಿದ ತರಬೇತಿ, ಹುಮನಾಬಾದಿನಲ್ಲಿ. ಬೇರೆ ಬೇರೆ ಊರುಗಳಿಂದ ಬಂದ ಹನ್ನೆರಡು ಹೆಂಗಸರು. ಕಲಿಸುವವನು ಸಾಜಿದ. ಇಪ್ಪತ್ತು ವರ್ಷ ಲಾರಿ ಓಡಿಸಿ, ಬೆನ್ನು ಹಾಳಾದ ಮೇಲೆ ಡ್ರೈವಿಂಗ್ ಸ್ಕೂಲ್ ತೆರೆದವನು. ಕಾಗದದಲ್ಲಿ ಮೂವತ್ತು ದಿನದ ತರಬೇತಿ. ಉದ್ಘಾಟನೆ, ಭಾಷಣ, ರಸ್ತೆ ಚಿಹ್ನೆಗಳ ಪಾಠದಲ್ಲಿ ಕೆಲವು ದಿನ ಹೋದವು. ಮಳೆಗೆ ಮೈದಾನ ಕೆಸರಾಗಿ ಕೆಲವು ದಿನ ಹೋದವು. ಇದ್ದ ಎರಡು ಕಾರಿನಲ್ಲಿ ಒಂದು ಗ್ಯಾರೇಜು ಸೇರಿ ಹೊರಗೇ ಬರಲಿಲ್ಲ. ಉಳಿದ ಹತ್ತೊಂಬತ್ತು ದಿನದಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಸಾಜಿದ ಪಕ್ಕದಲ್ಲಿ ಕೂರುತ್ತಿದ್ದ. ಅವನ ಕಾಲ ಕೆಳಗೂ ಒಂದು ಕ್ಲಚ್, ಒಂದು ಬ್ರೇಕ್ ಇದ್ದವು. ಕಾರು ನಿಂತಾಗಲೆಲ್ಲ ತಾನೇ ನಿಲ್ಲಿಸಿದೆ ಎಂದು ಮನೀಷಾ ತಿಳಿದುಕೊಂಡಿದ್ದಳು. ರಿವರ್ಸ್ ಹಾಕುವ ಸರದಿ ಅವಳಿಗೆ ಬಂದದ್ದು ನಾಲ್ಕೇ ಸಲ.

ಕೊನೆಯ ದಿನ ಸಾಜಿದ ಹಾಜರಿ ಪುಸ್ತಕ ತಂದು ಮುಂದಿಟ್ಟ. "ಪುಸ್ತಕ ಖಾಲಿ ಅದ, ಮೂವತ್ತೂ ದಿನಕ್ಕ ದಸ್ತಖತ್ ಮಾಡ್ರಿ. ಮೂವತ್ತು ದಿನ ಭರ್ತಿ ಆಗ್ಲಿಲ್ಲಾಂದ್ರ ಸರ್ಟಿಫಿಕೇಟ್ ಬರಂಗಿಲ್ಲ." ಹನ್ನೆರಡು ಮಂದಿಯೂ ಸಾಲಾಗಿ ಕೂತು ಸಹಿ ಹಾಕಿದರು. ಮನೀಷಾಳ ಪಕ್ಕದಲ್ಲಿ ಕೂತಿದ್ದ ಸುಗಂಧಾ, ಮಗುವಿಗೆ ಜ್ವರವೆಂದು ಒಂದು ವಾರ ಬಂದೇ ಇರಲಿಲ್ಲ. ಅವಳೂ ಮೂವತ್ತು ಸಹಿ ಹಾಕಿದಳು. ಪರೀಕ್ಷೆಯ ದಿನ ಮೈದಾನದಲ್ಲಿ ಒಂದೊಂದು ಸುತ್ತು. ಎಲ್ಲರೂ ಪಾಸು.

ಪಂಚಾಯಿತಿಗೆ ಗಾಡಿ ಬಂತು. ಕಲಿತದ್ದು ಕಾರು, ಬಂದದ್ದು ಕಸದ ಟಿಪ್ಪರ್. ಕಾರಿನಲ್ಲಿ ಕತ್ತು ತಿರುಗಿಸಿದರೆ ಹಿಂದಿನ ಗಾಜಿನಿಂದ ರಸ್ತೆ ಕಾಣುತ್ತಿತ್ತು. ಇದರಲ್ಲಿ ಕತ್ತು ತಿರುಗಿಸಿದರೆ ಕಬ್ಬಿಣದ ಡಬ್ಬಿ. ಎಡಕ್ಕೊಂದು ಬಲಕ್ಕೊಂದು ಕನ್ನಡಿ, ಅಷ್ಟೇ. ಮೊದಲ ಹತ್ತು ದಿನ ಹೇಗೋ ನಡೆಯಿತು. ಕಸ ಎತ್ತಿ ಹಾಕುವ ಭೀಮಬಾಯಿ ಹಿಂದೆ ನಿಂತು "ಬರಲಿ, ಬರಲಿ, ತಡಿ" ಎನ್ನುತ್ತಿದ್ದಳು. ಮನೀಷಾ ಅವಳ ದನಿಯ ಮೇಲೆ ಗಾಡಿ ಬಿಡುತ್ತಿದ್ದಳು. ಬೆವರು ಕಣ್ಣಿಗೆ ಇಳಿಯುತ್ತಿತ್ತು.

ಅವರದೇ ಓಣಿ ಎಲ್ಲಕ್ಕಿಂತ ಕಷ್ಟದ್ದು. ಮುಂದೆ ದಾರಿಯಿಲ್ಲ. ಒಳಗೆ ಹೋದ ಗಾಡಿ ಅರವತ್ತು ಹೆಜ್ಜೆ ಹಿಂದಕ್ಕೇ ಬರಬೇಕು. ಹನ್ನೊಂದನೆಯ ದಿನ ಬೆಳಿಗ್ಗೆ ಭೀಮಬಾಯಿ ಕೊನೆಯ ಮನೆಯ ಮುಕ್ತಾಬಾಯಿಯ ಬುಟ್ಟಿ ತರಲು ಒಳಗೆ ಹೋಗಿದ್ದಳು. ಸೋನುಬಾಯಿ ಕಟ್ಟೆ ಮೇಲೆ ಕೂತು ನೋಡುತ್ತಿದ್ದವಳು ಎದ್ದು ಬಂದಳು. ಗಾಡಿಯ ಹಿಂದೆ ನಿಂತು, ಭೀಮಬಾಯಿಯ ಹಾಗೆಯೇ ಕೈಯಾಡಿಸಿ, "ಬಾ ಬಾ, ಬರಲಿ" ಎಂದಳು.

ಗಾಡಿ ಹಿಂದಕ್ಕೆ ಸರಿಯಿತು. ಎಡಗನ್ನಡಿಯಲ್ಲಿ ಗೋಡೆ ಹತ್ತಿರ ಬರುವುದು ಕಂಡಿತು. ಮನೀಷಾ ಸ್ಟೇರಿಂಗ್ ತಿರುಗಿಸಿದಳು. ಗೋಡೆ ಇನ್ನೂ ಹತ್ತಿರ ಬಂತು. ಯಾವ ಕಡೆ ತಿರುಗಿಸಿದರೆ ಹಿಂಭಾಗ ಯಾವ ಕಡೆ ಹೋಗುತ್ತದೆ ಎಂಬುದು ಆ ಕ್ಷಣಕ್ಕೆ ತಲೆಯಿಂದ ಅಳಿಸಿಹೋಯಿತು. ಬ್ರೇಕೆಂದು ಜೋರಾಗಿ ತುಳಿದಳು. ತುಳಿದದ್ದು ಎಕ್ಸಿಲರೇಟರ್.

ಸೋನುಬಾಯಿ ಕೂಗಲಿಲ್ಲ. ಒಂದು ಉಸಿರು ಹೊರಬಿದ್ದ ಸದ್ದು ಮಾತ್ರ ಕೇಳಿತು. ಗಾಡಿ ಬಂದ್ ಬಿತ್ತು.

ಇಳಿದು ಓಡಿ ಬಂದಾಗ ಮುದುಕಿ ಗೋಡೆಗೂ ಡಬ್ಬಿಗೂ ನಡುವೆ ಒರಗಿಕೊಂಡು ನಿಂತೇ ಇದ್ದಳು. ಬಲಗಾಲು ಮಾತ್ರ ತೊಡೆಯಿಂದ ಕೆಳಗೆ ಅವಳದಲ್ಲದ ಹಾಗೆ ಹೊರಳಿತ್ತು. ಭೀಮಬಾಯಿ ಬುಟ್ಟಿ ಕೆಳಗೆ ಹಾಕಿ ಬಂದಳು. ಗಾಡಿಯನ್ನು ಮುಂದಕ್ಕೆ ತೆಗೆಯಬೇಕಿತ್ತು. ಅದನ್ನೂ ಮನೀಷಾಳೇ ಮಾಡಬೇಕಿತ್ತು. ಮತ್ತೆ ರಿವರ್ಸಿಗೇ ಬಿದ್ದೀತೆಂದು ಒಂದನೇ ಗೇರನ್ನು ಮೂರು ಸಲ ತೆಗೆದು ಮೂರು ಸಲ ಹಾಕಿದಳು. ಗೋಡೆ ಹತ್ತಿರ ಅತ್ತೆ ಸಣ್ಣಗೆ ನರಳುತ್ತಿದ್ದಳು.

ಆಂಬುಲೆನ್ಸ್ ಬರುವ ಮೊದಲೇ ಸೋನುಬಾಯಿ ಸೊಸೆಯ ಮಣಿಕಟ್ಟು ಹಿಡಿದು ಜಗ್ಗಿದಳು. "ಕೇಳು. ನಾ ಕಟ್ಟಿ ಮ್ಯಾಲಿಂದ ಕಾಲು ಜಾರಿ ಬಿದ್ದೀನಿ. ಗಾಡಿ ಮುಟ್ಟಿಲ್ಲ. ಭೀಮಾ, ನೀನೂ ಕೇಳು."

"ಅತ್ತೀ…"

"ಬಾಯಿ ಮುಚ್ಚು. ಗಾಡಿ ಹೋಗ್ತದ, ಲೈಸನ್ಸ್ ಹೋಗ್ತದ. ನಾ ಬಿದ್ದೀನಿ ಅಷ್ಟೇ."

ಬಸವಕಲ್ಯಾಣದ ದವಾಖಾನೆಯಲ್ಲೂ, ಅಲ್ಲಿಂದ ಕಳಿಸಿದ ಬೀದರಿನ ದವಾಖಾನೆಯಲ್ಲೂ ಮುದುಕಿ ಅದನ್ನೇ ಹೇಳಿದಳು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ರಾಡು ಹಾಕಿದರು. "ಕಟ್ಟಿ ಎಷ್ಟು ಎತ್ತರ ಅದ ಅಜ್ಜಿ, ಹಿಂಗ ಮುರಿಯಾಕ?" ಎಂದು ಡಾಕ್ಟರ್ ಕೇಳಿದಾಗ, "ನನ್ನ ಎಲಬು ಹಳೇವು ಅದಾವ್ರಿ" ಎಂದಳು. ಮನೀಷಾ ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದಳು.

ಮೂರನೆಯ ದಿನ ಪಂಚಾಯಿತಿಯಿಂದ ಫೋನು ಬಂತು. ಊರು ಕೊಳೆಯಾಕತ್ತದ, ಗಾಡಿ ಯಾವಾಗ ತೆಗೀತಿ? ಆಗುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ತನ್ನ ತಂಗಿಯನ್ನು ಕರೆಸಿ ಅತ್ತೆಯ ಹತ್ತಿರ ಬಿಟ್ಟು ಮನೀಷಾ ಊರಿಗೆ ಬಂದಳು. ಗಾಡಿಯನ್ನು ಭೀಮಬಾಯಿ ಓಣಿಯಿಂದ ಹೊರಗೆ ತಳ್ಳಿಸಿ, ಹಿಂಭಾಗ ತೊಳೆದಿಟ್ಟಿದ್ದಳು.

ಅಂದಿನಿಂದ ಮನೀಷಾ ರಿವರ್ಸ್ ಹಾಕದೆ ಗಾಡಿ ಓಡಿಸತೊಡಗಿದಳು. ತಿರುಗಿಸಲು ಜಾಗ ಇಲ್ಲದ ಓಣಿಗೆ ಹೋಗುವುದೇ ಇಲ್ಲ. ಬಾಯಲ್ಲೇ ನಿಲ್ಲಿಸಿ ಹಾರ್ನ್ ಹೊಡೆಯುವುದು. ಗುಡಿ ಹಿಂದಿನಿಂದ ನೇರ ಬರಬಹುದಾದ ದಾರಿಗೆ ಕೆರೆ ಸುತ್ತಿ ಬರುವುದು. ಶಾಲೆಯ ಮುಂದೆ ಯಾರೋ ಬೈಕ್ ಅಡ್ಡ ನಿಲ್ಲಿಸಿದ್ದರೆ, ಅವರು ಬಂದು ತೆಗೆಯುವವರೆಗೆ ಇಂಜಿನ್ ಬಂದ್ ಮಾಡಿ ಕೂರುವುದು. ಜನ ಗೊಣಗಿದರು. ಆರು ಓಣಿಯವರು ಪಂಚಾಯಿತಿಗೆ ಹೋಗಿ ದೂರು ಕೊಟ್ಟರು. ಅದರಲ್ಲಿ ಅವಳ ಓಣಿಯೂ ಒಂದು. "ಹೆಣ್ಣುಮಗಳ ಕೈಗೆ ಗಾಡಿ ಕೊಟ್ರ ಹಿಂಗ ಆಗ್ತದ" ಎಂದು ಹೋಟೆಲಿನ ಮುಂದೆ ಯಾರೋ ಅಂದದ್ದು ಅವಳ ಕಿವಿಗೇ ಬಿತ್ತು.

ಒಂದು ಭಾನುವಾರ ಅವಳು ಹುಮನಾಬಾದಿಗೆ ಹೋದಳು. ಸಾಜಿದ ಮೈದಾನದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ.

"ಸಾಜಿದಭಾಯ್, ನನಗ ರಿವರ್ಸ್ ಕಲಿಸ್ರಿ."

ಅವನು ನಕ್ಕ. "ಲೈಸನ್ಸ್ ಬಂದದಲ್ಲ ಬೆಹೆನ್. ಈಗೇನು ಕಲಿಯೋದು? ಓಡಸ್ತಾ ಓಡಸ್ತಾ ಬರ್ತದ. ನಾವೆಲ್ಲಾ ರೋಡ್ ಮ್ಯಾಲೇ ಕಲ್ತವರು."

"ರೋಡ್ ಮ್ಯಾಲ ಅಲ್ರಿ," ಎಂದಳು ಮನೀಷಾ. "ನಾ ನಮ್ಮ ಅತ್ತಿ ಮ್ಯಾಲ ಕಲ್ತೀನಿ."

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಭಯವಾಯಿತು. ಆದರೆ ನಿಲ್ಲಿಸಲು ಆಗಲಿಲ್ಲ. ಎಲ್ಲವನ್ನೂ ಹೇಳಿದಳು. ಸಾಜಿದನ ಮುಖ ಕಪ್ಪಿಟ್ಟಿತು. ಅವನು ಎದ್ದು ಎರಡು ಹೆಜ್ಜೆ ಆಚೆ ಹೋಗಿ, ಮತ್ತೆ ಬಂದ.

"ಒಂದೇ ಕಾರ್ ಇತ್ತು. ನಾನೂ ಹೇಳ್ದೆ ಸಂಸ್ಥೆಯವರಿಗೆ, ಆರು ಮಂದಿ ಕಳಸ್ರಿ ಅಂತ. ಹನ್ನೆರಡು ಮಂದಿ ಕಳ್ಸಿದ್ರು. ಒಂದು ತಿಂಗಳೊಳಗ ಮುಗಸು ಅಂದ್ರು. ನಾ ಏನ್ ಮಾಡ್ಲಿ?"

"ಮೂವತ್ತು ದಿನ ಆಗಿಲ್ಲ ಅಂತ ಬರೆದು ಕೊಡ್ರಿ."

"ಸ್ಕೂಲ್ ಬಂದ್ ಆಗ್ತದ ಮನೀಷಾಬಾಯಿ." ಸಾಜಿದ ದನಿ ತಗ್ಗಿಸಿದ. "ನನಗೂ ಮನಿ ಅದ. ನಿನಗ ಬೇಕಾದ್ರ ವಾರಕ್ಕೊಮ್ಮೆ ಬಾ, ಕಲಸ್ತೀನಿ. ಅದು ನನ್ನ ಮ್ಯಾಲ ಅದ. ಬರೆದು ಕೊಡು ಅಂತ ಮಾತ್ರ ಅನಬ್ಯಾಡ."

ಹೊರಡುವಾಗ ಅವನೇ ಹೇಳಿದ, ಮುಂದಿನ ಸೋಮವಾರ ಸುಗಂಧಾಳ ಊರಿಗೂ ಗಾಡಿ ಬರುತ್ತದೆಂದು. ಮಾಲೆ, ಫೋಟೋ ಎಲ್ಲ ಇದೆಯಂತೆ.

ಮನೀಷಾ ಬಸವಕಲ್ಯಾಣದ ಬಸ್ಸು ಹತ್ತಲಿಲ್ಲ. ಮನ್ನಾಏಖೇಳ್ಳಿ ಕಡೆಯ ಬಸ್ಸು ಹತ್ತಿದಳು. ಹೆದ್ದಾರಿಯಲ್ಲಿ ಇಳಿದು ಎರಡು ಮೈಲಿ ನಡೆದು ಸುಗಂಧಾಳ ಮನೆ ಮುಟ್ಟಿದಾಗ ಅವಳು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅಕ್ಕಾ ಎಂದು ಖುಷಿಯಿಂದ ಎದ್ದಳು. ಚಹಾ ಮಾಡುತ್ತೇನೆಂದಳು.

"ಸುಗಂಧಾ, ನೀ ರಿವರ್ಸ್ ಎಷ್ಟು ಸಲ ಹಾಕಿದ್ದಿ?"

"ಯಾಕ? ಪರೀಕ್ಷಾ ದಿನ ಒಮ್ಮೆ. ಅದೂ ಸಾಜಿದಭಾಯ್ ಹಿಡಿದಿದ್ದ." ಸುಗಂಧಾ ನಕ್ಕಳು. "ಬರ್ತದ ಬಿಡು."

"ಸೋಮವಾರ ಗಾಡಿ ತಗೋಬ್ಯಾಡ. ಇನ್ನ ಕಲಿಸ್ರಿ, ಆಮ್ಯಾಲ ಓಡಸ್ತೀನಿ ಅನ್ನು."

ಸುಗಂಧಾಳ ನಗು ಆರಿತು. "ನಿನಗ ಸಿಕ್ಕದ, ನನಗ ಸಿಗಬಾರದೇನು? ಬರಂಗಿಲ್ಲ ಅಂದ್ರ ನಾಳೇನೇ ಬ್ಯಾರೆ ಗಂಡಸಿಗೆ ಕೊಡ್ತಾರ. ಬಾಗಲ್ದಾಗ ನಿಂತಾರ ಮಂದಿ."

ಮನೀಷಾ ಅವಳ ಮುಂದೆ ಕೂತಳು. ಮೊರದಲ್ಲಿದ್ದ ಅಕ್ಕಿಯನ್ನೇ ನೋಡುತ್ತ ಗೋಡೆಯ ಮಾತು, ಎಕ್ಸಿಲರೇಟರಿನ ಮಾತು, ಅತ್ತೆ ಕಲಿಸಿದ ಸುಳ್ಳಿನ ಮಾತು ಹೇಳಿದಳು. ಒಳಗೆ ಮಗು ಎದ್ದು ಅಳತೊಡಗಿದರೂ ಸುಗಂಧಾ ಏಳಲಿಲ್ಲ.

"ನನ್ನ ಕೂಸು ದಿನಾ ಗಾಡಿ ಹಿಂದೇ ಓಡ್ತದಕ್ಕಾ," ಎಂದಳು ಕೊನೆಗೆ. "ಯಾವ ಗಾಡಿ ಬಂದ್ರೂ ಓಡ್ತದ."

ಶುಕ್ರವಾರ ಇಬ್ಬರೂ ಕೂಡಿ ತರಬೇತಿ ಕೊಡಿಸಿದ ಸಂಸ್ಥೆಯ ಕಚೇರಿಗೆ ಹೋಗುವುದೆಂದು ಮಾತಾಯಿತು. ಕಚೇರಿ ಬಸವಕಲ್ಯಾಣದಲ್ಲಿತ್ತು. ಶುಕ್ರವಾರ ಮನೀಷಾ ಹತ್ತು ಗಂಟೆಯಿಂದ ಬಸ್ ಸ್ಟ್ಯಾಂಡಿನಲ್ಲಿ ಕಾದಳು. ಹನ್ನೆರಡಾದರೂ ಸುಗಂಧಾ ಬರಲಿಲ್ಲ. ಫೋನು ಹಚ್ಚಿದರೆ ಅವಳ ಗಂಡ ಎತ್ತಿದ. "ನಮ್ಮ ಮನ್ಯಾಗ ನೀವು ತಲಿ ಹಾಕಬ್ಯಾಡ್ರಿ" ಎಂದು ಫೋನು ಇಟ್ಟುಬಿಟ್ಟ.

ಅವಳು ಒಬ್ಬಳೇ ಹೋದಳು.

ಅಧಿಕಾರಿಯ ಹೆಸರು ಮಹೇಶಕುಮಾರ. ಮೂವತ್ತೈದರ ಆಸುಪಾಸಿನ ಮೆತ್ತಗಿನ ಮನುಷ್ಯ. ಕೂರಲು ಹೇಳಿದ, ನೀರು ಕೊಡಿಸಿದ. ಅವಳು ಹೇಳಿದ್ದನ್ನು ಕೇಳಿ ಕಪಾಟಿನಿಂದ ಹಾಜರಿ ಪುಸ್ತಕ ತೆಗೆಸಿದ. ಹಾಳೆ ತಿರುವಿ ಅವಳ ಮುಂದೆ ಇಟ್ಟ.

"ಇದು ನಿಮ್ಮ ಸಹಿ ಹೌದಲ್ರೀ?"

"ಹೌದ್ರಿ."

"ಮೂವತ್ತೂ?"

"ಮೂವತ್ತೂ ನಂದೇ. ಒಂದೇ ದಿನ ಹಾಕೀನ್ರಿ. ಎಲ್ಲಾರೂ ಹಂಗೇ ಹಾಕ್ಯಾರ. ಅದು ಸುಳ್ಳದ. ನಾ ಸ್ಟೇರಿಂಗ್ ಹಿಡಿದಿದ್ದು ಮೂರು ತಾಸು ಹತ್ತು ನಿಮಿಷ. ಲೆಕ್ಕ ಹಾಕೀನಿ."

ಮಹೇಶಕುಮಾರ ಕನ್ನಡಕ ತೆಗೆದು ಒರೆಸಿದ. "ನೋಡ್ರಿ, ಅನುಭವ ಎಲ್ಲಾರಿಗೂ ನಿಧಾನಕ್ಕೇ ಬರ್ತದ. ಇನ್ನ ಮ್ಯಾಲ ಮುಂದಿನ ಬ್ಯಾಚಿಗೆ ನೋಡೋಣು."

"ಸೋಮವಾರದ ಗಾಡಿ ನಿಲ್ತದೇನ್ರಿ?"

"ಅದು ಹ್ಯಾಂಗ ನಿಲ್ತದ? ಎಲ್ಲಾ ಕಾಗದ ಬರೋಬರಿ ಅದಾವ. ನಿಲ್ಲಿಸಾಕ ಒಂದು ಕಾರಣ ಬೇಕಲ್ಲ."

ಆಗ ಮನೀಷಾ ಅತ್ತೆಯ ಕಾಲಿನ ವಿಷಯ ಹೇಳಿದಳು. ಅವನು ಬರೆಯುತ್ತಿದ್ದ ಪೆನ್ನು ನಿಂತಿತು. ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದ.

"ಇದನ್ನ ಬಾಯಿಲೆ ಹೇಳೀರಿ, ನಾ ಕೇಳಿಲ್ಲ ಅಂತ ತಿಳ್ಕೋತೀನಿ. ಬರೆದು ಕೊಡಬ್ಯಾಡ್ರಿ ತಾಯಿ. ಬರೆದು ಕೊಟ್ರ ನಾ ಪೊಲೀಸರಿಗೆ ಕಳಸಲೇಬೇಕು. ನಿಮ್ಮ ಮ್ಯಾಲ ಕೇಸ್ ಆಗ್ತದ, ಗಾಡಿ ಹೋಗ್ತದ. ಸುಳ್ಳು ಹೇಳಿದ್ದಕ್ಕ ನಿಮ್ಮ ಅತ್ತಿಗೂ ತ್ರಾಸ ಆಗ್ತದ."

"ಬರೆದು ಕೊಡ್ಲಿಲ್ಲಾಂದ್ರ ಗಾಡಿ ನಿಲ್ಲಂಗಿಲ್ಲ?"

ಅವನು ಹಾಜರಿ ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟ.

ಮನೀಷಾ ಹೊರಗೆ ಬಂದು ವರಾಂಡದ ಮೆಟ್ಟಿಲ ಮೇಲೆ ಕೂತಳು. ಎದುರಿನ ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳು ಆಟೋಗಳ ಸಂದಿಯಲ್ಲಿ ನುಸುಳಿ ಹೋಗುತ್ತಿದ್ದರು. ಸುಮ್ಮನೆ ಮನೆಗೆ ಹೋಗಬಹುದು. ಸುಗಂಧಾಳೇ ಬೇಡವೆಂದ ಮೇಲೆ ತನಗೇನು? ಅವಳಿಗೆ ಏನೂ ಆಗದೆಯೂ ಇರಬಹುದು. ಹನ್ನೆರಡು ಮಂದಿಯಲ್ಲಿ ತನ್ನೊಬ್ಬಳ ಕಾಲೇ ತಪ್ಪಿರಬಹುದು. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ಅವಳು ಒಂದು ತಾಸು ಕೂತಿದ್ದಳು. ಪ್ರತಿ ಸಲವೂ ಗೋಡೆಗೆ ಒರಗಿ ನಿಂತ ಮುದುಕಿಯ ಜಾಗದಲ್ಲಿ, ತಾನು ನೋಡಿಯೂ ಇರದ ಸುಗಂಧಾಳ ಕೂಸು ಕಾಣುತ್ತಿತ್ತು. ಅದು ನಿಂತರೆ ಡಬ್ಬಿಯ ಅರ್ಧಕ್ಕೂ ಬರುವುದಿಲ್ಲ.

ಎದ್ದು ಒಳಗೆ ಹೋಗಿ ಹಾಳೆ ಕೇಳಿದಳು. ಎರಡೂ ಮಗ್ಗುಲು ಬರೆದಳು. ಕೆಳಗೆ ಸಹಿ ಹಾಕಿ, ಆ ದಿನದ ತಾರೀಖು ಹಾಕಿದಳು.

ಎಲ್ಲ ಅವನು ಹೇಳಿದ ಹಾಗೆಯೇ ಆಯಿತು. ಪಂಚಾಯಿತಿಯವರು ಸಂಜೆಯೇ ಬಂದು ಕೀಲಿಕೈ ಇಸಿದುಕೊಂಡರು. ಪೊಲೀಸರು ಬಂದು ಓಣಿಯ ಗೋಡೆ ಅಳೆದರು. ಭೀಮಬಾಯಿ ಸುಳ್ಳು ಹೇಳಿದ್ದಕ್ಕೆ ಬೈಸಿಕೊಂಡಳು, ಅವಳ ಕೆಲಸ ಮಾತ್ರ ಉಳಿಯಿತು. ಮನೀಷಾಳ ಮೇಲೆ ಕೇಸಾಯಿತು, ಲೈಸೆನ್ಸ್ ಅಮಾನತಾಯಿತು. ಸಂಘದಲ್ಲಿ ಓಡಿಸುವವರು ಬೇರೆ ಇಲ್ಲವೆಂದು ಗಾಡಿ ಅಜೀತ ಎಂಬ ಇಪ್ಪತ್ತೆರಡರ ಹುಡುಗನ ಕೈಗೆ ಹೋಯಿತು. ಅವನಿಗೆ ಲೈಸೆನ್ಸ್ ಬಂದು ಎರಡು ತಿಂಗಳಾಗಿತ್ತು. ಎಷ್ಟು ದಿನ ಕಲಿತಿ ಎಂದು ಅವನನ್ನು ಯಾರೂ ಕೇಳಲಿಲ್ಲ. ಮನೀಷಾ ಕೇಳಿದಳು. "ನಾ ಟ್ರ್ಯಾಕ್ಟರ್ ಓಡಿಸಿದವ ಅಕ್ಕಾ, ನನಗೇನು ಕಲಸ್ತಿ?" ಎಂದು ಹೋಗಿಬಿಟ್ಟ.

ಸುಗಂಧಾಳ ಊರಿನ ಸಮಾರಂಭ ನಿಂತಿತು. ಉಳಿದ ಹನ್ನೊಂದು ಮಂದಿಗೂ ಇನ್ನೂ ಇಪ್ಪತ್ತು ದಿನ ಕಲಿಸಬೇಕು, ಕಸದ ಗಾಡಿಯ ಮೇಲೆಯೇ ಕಲಿಸಬೇಕು, ಯಾರು ಎಷ್ಟು ಹೊತ್ತು ಓಡಿಸಿದರೆಂದು ದಿನವೂ ಬರೆಯಬೇಕು ಎಂದು ಆದೇಶವಾಯಿತು. ಸಾಜಿದನಿಗೆ ನೋಟಿಸು ಹೋಯಿತು, ಆದರೆ ಬೇರೆ ಯಾರೂ ಸಿಗದೆ ಅವನೇ ಕಲಿಸಬೇಕಾಯಿತು.

ಬೀದರಿನಿಂದ ಮನೆಗೆ ಬಂದ ಸೋನುಬಾಯಿ ಸೊಸೆಯ ಜೊತೆ ಒಂದು ವಾರ ಮಾತಾಡಲಿಲ್ಲ. ಊಟ ಕೊಟ್ಟರೆ ಉಣ್ಣುತ್ತಿದ್ದಳು, ಬೆಡ್‌ಪ್ಯಾನ್ ಇಟ್ಟರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಎಂಟನೆಯ ದಿನ ಒಮ್ಮೆಲೇ ಕೂಗಿದಳು. "ಮುರಿದ ಎಲಬು ಹಿಡ್ಕೊಂಡು ಸುಳ್ಳು ಹೇಳೀನಿ ನಾ! ಯಾರ ಸಲುವಾಗಿ? ನನ್ನ ಕಾಲೂ ಹೋತು, ನಿನ್ನ ಗಾಡೀನೂ ಹೋತು. ಏನು ಸಿಕ್ತು ನಿನಗ?"

ಮನೀಷಾ ಅತ್ತೆಯ ಕಾಲಿನ ಕೆಳಗೆ ದಿಂಬು ಸರಿಮಾಡಿ, ಹಿತ್ತಲಿಗೆ ಹೋಗಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮತ್ತೆ ಹೊಲಕ್ಕೆ ಹೋಗತೊಡಗಿದಳು. ಮಧ್ಯಾಹ್ನ ಬಂದು ಅತ್ತೆಯನ್ನು ನೋಡಿ ಹೋಗುವುದು. ಹೀಗೆ ಒಂದು ಮಧ್ಯಾಹ್ನ ಸೋನುಬಾಯಿಗೆ ರೊಟ್ಟಿ ಮುರಿದು ಕೊಡುತ್ತಿದ್ದಾಗ ಫೋನು ಬಂತು. ಸುಗಂಧಾ. ಅಷ್ಟು ದಿನದ ಮೇಲೆ ಮೊದಲ ಸಲ.

"ನಿನ್ನ ಸಲುವಾಗಿ ಇಪ್ಪತ್ತು ದಿನ ಬಸ್ಸಿನ್ಯಾಗ ತಿರಗಾಕತ್ತೇನಿ," ಎಂದು ಸುಗಂಧಾ ಶುರುವಿಗೇ ಸಿಡುಕಿದಳು. "ಮನ್ಯಾಗ ದಿನಾ ಜಗಳ. ಎಲ್ಲಾರೂ ನಿನಗೇ ಬೈಯಾಕತ್ತಾರ."

"ಬೈಲಿ ಬಿಡು."

ಆ ಕಡೆ ಗಾಡಿಯ ಇಂಜಿನ್ನಿನ ಸದ್ದು, ಯಾರೋ ಹೆಂಗಸು ನಗುವ ಸದ್ದು ಕೇಳುತ್ತಿತ್ತು.

"ಇವತ್ತು ಎಂಟು ಸಲ ರಿವರ್ಸ್ ಹಾಕ್ದೆ," ಎಂದಳು ಸುಗಂಧಾ. ದನಿ ಇಳಿದಿತ್ತು. "ಸಾಜಿದಭಾಯ್ ಹಿಂದ ಖಾಲಿ ಡ್ರಮ್ ಇಡ್ತಾನ. ಆರು ಸಲ ಬಡಿದೆ ಅಕ್ಕಾ. ಆರು ಸಲ."

ಫೋನು ಕಟ್ಟಾಯಿತು. ಮನೀಷಾ ಹಾಗೆಯೇ ಕೂತಳು. ಸೋನುಬಾಯಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಯಾರಿಗೆ ಬಡಿದ್ಳಂತ?"

"ಡ್ರಮ್ಮಿಗೆ ಅತ್ತಿ. ಖಾಲಿ ಡ್ರಮ್ಮಿಗೆ."

ಮುದುಕಿ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟು ನಿಧಾನಕ್ಕೆ ಅಗಿದಳು. ನೀರು ಬೇಕೆಂದು ಕೈ ಮಾಡಿದಳು. ಕುಡಿದು ಲೋಟ ಕೆಳಗಿಟ್ಟ ಮೇಲೆ, ವಾಕರ್ ಹತ್ತಿರಕ್ಕೆ ತಾ, ಇವತ್ತು ಬಾಗಿಲತನಕ ಹೋಗಿ ನೋಡುತ್ತೇನೆ ಎಂದಳು. ಮನೀಷಾ ಅವಳ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ನಾಲ್ಕು ಹೆಜ್ಜೆಗೆ ಮುದುಕಿ ನೋವಿಗೆ ಚೀರಿ ಕೂತುಬಿಟ್ಟಳು. ಉಸಿರು ಬಂದ ಮೇಲೆ, "ಎಬ್ಬಿಸು, ಇನ್ನೊಮ್ಮೆ ನೋಡೋಣು," ಎಂದಳು.